ಮುಖ ತಿರುಗಿಸುವ ಹಾಗಿಲ್ಲ: ಆಂಥನಿ ಮ್ಯಾನ್ ಅವರ ಮೊದಲ ಕ್ರೈಂ ಸಿನಿಮಾಗಳು

ಪ್ರಶ್ನೆ: ನಾನು ಅಪ್ಪನ ಪಕ್ಕ ಕೂತು ಜೇಮ್ಸ್ ಸ್ಟೀವರ್ಟ್ ನಟಿಸಿದ ವೆಸ್ಟರ್ನ್ ಸಿನಿಮಾಗಳನ್ನು ನೋಡುತ್ತಾ ಬೆಳೆದವನು. 'ವಿಂಚೆಸ್ಟರ್ 73', 'ದ ನೇಕೆಡ್ ಸ್ಪರ್' ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಅವುಗಳ ನಿರ್ದೇಶಕ ಆಂಥನಿ ಮ್ಯಾನ್ ಅದಕ್ಕೂ ಮೊದಲು ಒಂದಷ್ಟು ಕ್ರೈಂ ಸಿನಿಮಾ ಮಾಡಿದ್ದರು ಅಂತ ಈಚೆಗೆ ಗೊತ್ತಾಯಿತು. 'ಟಿ-ಮೆನ್' ನೋಡಿದೆ, ತುಂಬಾ ಹಿಡಿಸಿತು. ಆದರೆ ಸಿನಿಮಾ ಚೆನ್ನಾಗಿ ಬಲ್ಲ ಗೆಳೆಯನೊಬ್ಬ, "ಅದರಲ್ಲಿ ಮ್ಯಾನ್ ಮಾಡಿದ್ದು ಏನೂ ಇಲ್ಲ, ಎಲ್ಲಾ ಕ್ಯಾಮೆರಾಮನ್ ಜಾನ್ ಆಲ್ಟನ್ ಕೈಚಳಕ" ಅಂದ. ನಿಜವಾ? ಉಳಿದವನ್ನು ಯಾವ ಕ್ರಮದಲ್ಲಿ ನೋಡಲಿ? ಅಪ್ಪನಿಗೆ ಒಂದೇ ಒಂದು ತೋರಿಸುವುದಾದರೆ ಯಾವುದು?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಉಳಿದರ್ಧಕ್ಕಾಗಿಯೇ ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

ಜಾನ್ ಆಲ್ಟನ್ ಇಲ್ಲದಿದ್ದರೆ 'ಟಿ-ಮೆನ್' ಇವತ್ತು ನಾವು ನೋಡುವ 'ಟಿ-ಮೆನ್' ಆಗುತ್ತಿರಲಿಲ್ಲ. ಒಪ್ಪಿದೆ. ಆದರೆ ಸಿನಿಮಾ ಮುಗಿದ ಮೇಲೆ ನಿಮ್ಮೊಳಗೆ ಉಳಿದಿದ್ದು ಏನು, ಒಂದು ಸಲ ನೆನಪು ಮಾಡಿಕೊಳ್ಳಿ. ಖೋಟಾ ನೋಟಿನ ಗ್ಯಾಂಗಿನೊಳಗೆ ಸುಳ್ಳು ಹೆಸರಿನಲ್ಲಿ ಸೇರಿಕೊಂಡ ಇಬ್ಬರು ಖಜಾನೆ ಇಲಾಖೆ ಅಧಿಕಾರಿಗಳು, ಓಬ್ರಿಯನ್ ಮತ್ತು ಜೆನಾರೊ. ಜೆನಾರೊನ ಗುಟ್ಟು ಬಯಲಾಗುತ್ತದೆ. ಅವನನ್ನು ಕೊಲ್ಲುವಾಗ ಓಬ್ರಿಯನ್ ಅಲ್ಲೇ ನಿಂತಿದ್ದಾನೆ. ಅವನು ಕೈ ಎತ್ತುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಮುಖದಲ್ಲಿ ಒಂದು ನರ ಅಲುಗಿದರೂ ಮುಂದಿನ ಗುಂಡು ಅವನಿಗೇ. ಮ್ಯಾನ್ ಆಗ ಸಾಯುವವನ ಮೇಲೆ ಕ್ಯಾಮೆರಾ ಇಟ್ಟು ಕೂರುವುದಿಲ್ಲ. ನೋಡುತ್ತಾ ನಿಂತವನ ಮುಖಕ್ಕೆ ಬರುತ್ತಾರೆ. ಹ್ಯಾಟಿನ ಅಂಚಿನ ಕೆಳಗೆ ಓಬ್ರಿಯನ್ ಪಾತ್ರ ಮಾಡಿದ ಡೆನ್ನಿಸ್ ಓಕೀಫ್ ಅವರ ಮುಖ ಬಿಗಿಯುತ್ತದೆ, ಅಷ್ಟೇ. ಆ ಮುಖವನ್ನು ನೋಡುವುದು ಕೊಲೆಯನ್ನು ನೋಡುವುದಕ್ಕಿಂತ ಕಷ್ಟ.

ಮ್ಯಾನ್ ಅವರ ಕ್ರೈಂ ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿದರೆ ಈ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಯಾರಿಗೋ ಏನೋ ಆಗುತ್ತಿದೆ. ಅದನ್ನು ತಡೆಯಬೇಕಾದವನು ಎದುರಿಗೇ ಇದ್ದಾನೆ. ಅವನಿಂದ ಆಗುವುದು ನೋಡುವುದು ಮಾತ್ರ. ಕೆಲವು ಸಲ ಕಾಯುವುದು ಮಾತ್ರ. ಈ ನೋಟ ಮ್ಯಾನ್ ಅವರದು. ಆಲ್ಟನ್ ಬರುವ ಮೊದಲೂ ಅದು ಇತ್ತು, ಆಲ್ಟನ್ ಹೋದ ಮೇಲೂ ಇತ್ತು. ಅದನ್ನು ತೋರಿಸಲು ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಮ್ಯಾನ್ ಹುಟ್ಟಿದ್ದು 1906ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ. ಹುಟ್ಟುಹೆಸರು ಎಮಿಲ್ ಆಂಟನ್ ಬುಂಡ್ಸ್‌ಮನ್. ನ್ಯೂಯಾರ್ಕಿನ ನಾಟಕರಂಗದಲ್ಲಿ ಕೆಲಸ ಕಲಿತರು. ಆಮೇಲೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರ ಬಳಿ ಸೇರಿದರು. ಅಲ್ಲಿ ಅವರು ಮಾಡುತ್ತಿದ್ದದ್ದು ಹೊಸಬರ ಸ್ಕ್ರೀನ್ ಟೆಸ್ಟ್ ತೆಗೆಯುವ ಕೆಲಸ. ಹಲವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇದು ದೊಡ್ಡ ವಿಷಯ ಅನ್ನಿಸುತ್ತದೆ. ಸ್ಕ್ರೀನ್ ಟೆಸ್ಟ್ ಅಂದರೆ ಏನು? ಕಥೆಯ ಹಂಗಿಲ್ಲ, ಸೆಟ್ಟಿನ ಆಡಂಬರವಿಲ್ಲ. ಒಂದು ಮುಖ, ಒಂದು ಕ್ಯಾಮೆರಾ. ಆ ಮುಖದಲ್ಲಿ ಏನಾದರೂ ಹುಟ್ಟುತ್ತದಾ ಅಂತ ಕಾಯುವುದು. ಆ ಕೆಲಸ ಮಾಡಿ ಬಂದವರ ಕಣ್ಣು ಬೇರೆ ಥರ ಪಳಗಿರುತ್ತದೆ.

ಆಮೇಲೆ ಪ್ಯಾರಮೌಂಟ್ ಸ್ಟುಡಿಯೋದಲ್ಲಿ ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ ಅವರಿಗೆ ಸಹಾಯಕರಾದರು. 1942ರಲ್ಲಿ 'ಡಾಕ್ಟರ್ ಬ್ರಾಡ್‌ವೇ' ಮೊದಲ ಸಿನಿಮಾ. ಅಲ್ಲಿಂದ 1946ರವರೆಗೆ ಒಟ್ಟು ಹತ್ತು ಸಿನಿಮಾ. ಎಲ್ಲವೂ ಕಡಿಮೆ ದುಡ್ಡಿನವು. ಕೆಲವು ಹಾಡು-ಕುಣಿತದ ಸಿನಿಮಾಗಳು, ಅವನ್ನು ಬಿಟ್ಟರೂ ನಷ್ಟವಿಲ್ಲ. ಹತ್ತರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. 'ದ ಗ್ರೇಟ್ ಫ್ಲಮ್ಯಾರಿಯನ್' (1945). ಇದರಲ್ಲಿ ಎರಿಕ್ ಫಾನ್ ಸ್ಟ್ರೋಹೈಮ್ ವೇದಿಕೆ ಮೇಲೆ ಗುರಿ ಹೊಡೆಯುವ ಕಲಾವಿದ. ಸಹಾಯಕಿಯ ಮೋಹಕ್ಕೆ ಬಿದ್ದು ಅವಳ ಗಂಡನನ್ನು ಕೊಲ್ಲುತ್ತಾನೆ. ಆ ಗಂಡನ ಪಾತ್ರ ಮಾಡಿದವರು ಡಾನ್ ಡ್ಯೂರಿಯ. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಇನ್ನೊಂದು 'ಸ್ಟ್ರೇಂಜ್ ಇಂಪರ್ಸನೇಶನ್' (1946). ವಿಜ್ಞಾನಿಯಾದ ಹೆಂಗಸೊಬ್ಬಳ ಮುಖ ಸುಟ್ಟುಹೋಗಿ, ಆಕೆ ಇನ್ನೊಬ್ಬಳ ಮುಖ ಹೊತ್ತು ವಾಪಸ್ ಬರುವ ವಿಚಿತ್ರ ಕಥೆ. ಎರಡೂ ಪೂರ್ತಿ ಗೆದ್ದ ಸಿನಿಮಾಗಳಲ್ಲ. ಮೊದಲ ಸಲಕ್ಕೆ ಬೇಡ, ಆಮೇಲೆ ಕುತೂಹಲಕ್ಕೆ ನೋಡಿ.

ನಿಜವಾದ ಆರಂಭ 1947. ಆ ಒಂದೇ ವರ್ಷ ಮೂರು ಕ್ರೈಂ ಸಿನಿಮಾ ಬಂದವು: 'ಡೆಸ್ಪರೇಟ್', 'ರೈಲ್‌ರೋಡೆಡ್', 'ಟಿ-ಮೆನ್'. ಮೊದಲ ಎರಡರಲ್ಲಿ ಆಲ್ಟನ್ ಇಲ್ಲ. ಅದಕ್ಕೇ ನಿಮ್ಮ ಪ್ರಶ್ನೆಗೆ ಅವೇ ಸರಿಯಾದ ಸಾಕ್ಷಿ.

'ಡೆಸ್ಪರೇಟ್' ಆರ್‌ಕೆಓ ಸಂಸ್ಥೆಗೆ ಮಾಡಿದ್ದು. ಕ್ಯಾಮೆರಾ ಜಾರ್ಜ್ ಡಿಸ್ಕಂಟ್. ಹೊಸದಾಗಿ ಮದುವೆಯಾದ ಲಾರಿ ಡ್ರೈವರ್ ಒಬ್ಬ, ಗೊತ್ತಿಲ್ಲದೆ ಕಳ್ಳಮಾಲಿನ ಬಾಡಿಗೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಪೊಲೀಸ್ ಸಾಯುತ್ತಾನೆ. ಗ್ಯಾಂಗಿನ ನಾಯಕ ರೇಡಕ್‌ನ ತಮ್ಮ ಸಿಕ್ಕಿಬೀಳುತ್ತಾನೆ. ತಪ್ಪನ್ನು ಡ್ರೈವರ್ ಒಪ್ಪಿಕೊಂಡು ತಮ್ಮನನ್ನು ಬಿಡಿಸಬೇಕು ಅಂತ ರೇಡಕ್‌ನ ಹಟ. ರೇಡಕ್ ಆಗಿ ರೇಮಂಡ್ ಬರ್. ಭಾರಿ ಮೈಕಟ್ಟಿನ, ಮೆಲ್ಲಗೆ ಮಾತಾಡುವ ಮನುಷ್ಯ.

ಡ್ರೈವರ್‌ನನ್ನು ಕತ್ತಲೆ ಕೋಣೆಯಲ್ಲಿ ಹಾಕಿ ಹೊಡೆಯುವ ಸೀನ್ ಇದೆ. ಮೇಲೆ ತೂಗುವ ಒಂದೇ ದೀಪ. ಗಲಾಟೆಯಲ್ಲಿ ಅದಕ್ಕೆ ಏಟು ತಗಲಿ ಅತ್ತಿತ್ತ ತೂಗಾಡತೊಡಗುತ್ತದೆ. ದೀಪ ಈ ಕಡೆ ಬಂದಾಗ ರೇಡಕ್‌ನ ಮುಖ ಬೆಳಗುತ್ತದೆ, ಆ ಕಡೆ ಹೋದಾಗ ಕಪ್ಪು. ಮತ್ತೆ ಬೆಳಕು, ಮತ್ತೆ ಕಪ್ಪು. ಏಟು ತಿನ್ನುವವನು ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಕಾಣುವುದು ನೋಡುತ್ತಾ ನಿಂತವನ ಮುಖ. ಇಲ್ಲಿ ನೋಡುವವನು ಖಳನಾಯಕ, ಅಷ್ಟೇ ವ್ಯತ್ಯಾಸ. 'ಟಿ-ಮೆನ್' ಗೆ ಬೇಕಾದ ಉಪಾಯ ಆಗಲೇ ಮ್ಯಾನ್ ಕೈಯಲ್ಲಿತ್ತು ಅಂತ ಈ ಒಂದು ಸೀನ್ ಸಾಕು ಹೇಳಲು.

ಇನ್ನೊಂದು ಸೀನ್ ಕೊನೆಯ ಭಾಗದ್ದು. ರೇಡಕ್‌ನ ತಮ್ಮನಿಗೆ ಮಧ್ಯರಾತ್ರಿ ಮರಣದಂಡನೆ. ಸರಿಯಾಗಿ ಅದೇ ನಿಮಿಷಕ್ಕೆ ಡ್ರೈವರ್‌ನನ್ನು ಕೊಲ್ಲಬೇಕು ಅಂತ ರೇಡಕ್ ತೀರ್ಮಾನಿಸಿದ್ದಾನೆ. ಹಾಗಾಗಿ ಇಬ್ಬರೂ ಮೇಜಿನ ಬಳಿ ಕೂತು ಕಾಯುತ್ತಾರೆ. ಗಡಿಯಾರದ ಟಿಕ್ ಟಿಕ್. ಕ್ಲೋಸಪ್ ಹತ್ತಿರ ಹತ್ತಿರ ಬರುತ್ತದೆ. ಹೊಡೆದಾಟವಿಲ್ಲ, ಓಟವಿಲ್ಲ. ಸುಮ್ನೆ ಕೂತ ಇಬ್ಬರು. 73 ನಿಮಿಷದ ಕಡಿಮೆ ದುಡ್ಡಿನ ಸಿನಿಮಾದಲ್ಲಿ ಸಮಯವನ್ನು ಹೀಗೆ ನಿಲ್ಲಿಸುವ ಧೈರ್ಯ ಯಾರಿಗಿತ್ತು? ಮೂಲ ಕಥೆಯಲ್ಲಿ ಮ್ಯಾನ್ ಅವರ ಪಾಲೂ ಇತ್ತು ಅನ್ನುವುದನ್ನು ಇಲ್ಲಿ ಸೇರಿಸಿ ನೋಡಿ.

'ರೈಲ್‌ರೋಡೆಡ್' ಪಿಆರ್‌ಸಿ ಅನ್ನುವ ಸಂಸ್ಥೆಗೆ ಮಾಡಿದ್ದು. ಹಾಲಿವುಡ್‌ನ ಅತಿ ಬಡ ಸಂಸ್ಥೆಗಳಲ್ಲಿ ಅದೂ ಒಂದು. ತಪ್ಪು ಮಾಡದ ಹುಡುಗನ ಮೇಲೆ ದರೋಡೆ, ಕೊಲೆಯ ಆರೋಪ ಹೊರಿಸುವ ಕಥೆ. ನಾಯಕನ ಭಾಗ ಸಪ್ಪೆ. ಆದರೆ ಜಾನ್ ಐರ್ಲೆಂಡ್ ಮಾಡಿದ ಕೊಲೆಗಾರ ಡ್ಯೂಕ್ ಮರೆಯುವಂಥವನಲ್ಲ. ಗುಂಡುಗಳಿಗೆ ಸುಗಂಧ ಸವರುವ ಮನುಷ್ಯ ಅವನು. ಇಬ್ಬರು ಹೆಂಗಸರು ಕೈಕೈ ಮಿಲಾಯಿಸುವಾಗ ಅವನು ಅಡಗಿ ಕೂತು ನೋಡುತ್ತಾನೆ. ಮತ್ತೆ ಅದೇ, ನೋಡುವವನು. ಇದರ ಚಿತ್ರಕಥೆ ಬರೆದವರು ಜಾನ್ ಸಿ. ಹಿಗಿನ್ಸ್. ಮುಂದೆ 'ಟಿ-ಮೆನ್', 'ರಾ ಡೀಲ್', 'ಹಿ ವಾಕ್ಡ್ ಬೈ ನೈಟ್', 'ಬಾರ್ಡರ್ ಇನ್ಸಿಡೆಂಟ್' ನಾಲ್ಕರಲ್ಲೂ ಅವರ ಬರಹವಿದೆ. ಆಲ್ಟನ್ ಹೆಸರು ಎಲ್ಲರೂ ಹೇಳುತ್ತಾರೆ, ಹಿಗಿನ್ಸ್ ಹೆಸರು ಯಾರೂ ಎತ್ತುವುದಿಲ್ಲ. ನನಗೆ ಇದು ಬೇಸರದ ವಿಷಯ.

ಆ ಹೊತ್ತಿಗೆ ಪಿಆರ್‌ಸಿಯನ್ನು ಈಗಲ್-ಲಯನ್ ಅನ್ನುವ ಹೊಸ ಸಂಸ್ಥೆ ನುಂಗಿಕೊಂಡಿತು. ಅದಕ್ಕೆ ಬ್ರಿಟನ್ನಿನ ರ‍್ಯಾಂಕ್ ಸಂಸ್ಥೆಯ ನಂಟಿತ್ತು. ಮ್ಯಾನ್ ಕೈಗೆ ಸ್ವಲ್ಪ ಜಾಸ್ತಿ ದುಡ್ಡು ಬಂತು. ಜೊತೆಗೆ ಆಲ್ಟನ್ ಬಂದರು.

ಈಗ ಆಲ್ಟನ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. 1901ರಲ್ಲಿ ಹಂಗೇರಿಯ ಶೋಪ್ರೊನ್‌ನಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ಕೆಲಸ ಮಾಡಿದವರು. 1949ರಲ್ಲಿ ಬೆಳಕಿನ ಬಗ್ಗೆ 'ಪೇಂಟಿಂಗ್ ವಿತ್ ಲೈಟ್' ಅಂತ ಪುಸ್ತಕ ಬರೆದರು. ಹತ್ತಾರು ದೀಪ ಹೊತ್ತಿಸಿ ಇಡೀ ಸೆಟ್ಟನ್ನು ಬೆಳಗುವುದು ದೊಡ್ಡ ಸ್ಟುಡಿಯೋಗಳ ರೂಢಿ. ಆಲ್ಟನ್ ಒಂದು ದೀಪ ಇಡುತ್ತಿದ್ದರು, ಅದೂ ಯಾರೂ ಇಡದ ಜಾಗದಲ್ಲಿ. ನೆಲದ ಹತ್ತಿರ, ಮುಖದ ಹಿಂದೆ, ಬಾಗಿಲಿನ ಆಚೆ. ಉಳಿದಿದ್ದನ್ನು ಕತ್ತಲೆಗೆ ಬಿಡುತ್ತಿದ್ದರು. ಇದರಿಂದ ಕೆಲಸ ಬೇಗ ಆಗುತ್ತಿತ್ತು, ಖರ್ಚು ಕಡಿಮೆ ಆಗುತ್ತಿತ್ತು. ಬಡ ಸೆಟ್ಟಿನ ಬಡತನ ಕಾಣುತ್ತಿರಲಿಲ್ಲ. ಮೂರು ಗೋಡೆಯ ಜಾಗದಲ್ಲಿ ಒಂದು ಗೋಡೆ ಇದ್ದರೂ ಸಾಕು, ಉಳಿದ ಎರಡನ್ನು ಕತ್ತಲೆ ಕಟ್ಟಿಕೊಡುತ್ತದೆ ಅಲ್ವಾ?

'ಟಿ-ಮೆನ್' ನ ಉಗಿ ಸ್ನಾನದ ಮನೆಯ ಕೊಲೆ ನೋಡಿದ್ದೀರಿ. ಸ್ಕೀಮರ್ ಅನ್ನುವವನನ್ನು ಒಳಗೆ ಹಾಕಿ, ಬಾಗಿಲು ತೆಗೆಯಲಾಗದಂತೆ ಮಾಡಿ, ಉಗಿ ಜಾಸ್ತಿ ಮಾಡುತ್ತಾರೆ. ಗಾಜಿಗೆ ಒತ್ತಿದ ಅವನ ಮುಖ. ಗಾಜಿನ ಈಚೆ ಕೊಲೆಗಾರನ ಪಾತ್ರ ಮಾಡಿದ ಚಾರ್ಲ್ಸ್ ಮೆಗ್ರಾ ಅವರ ಕಲ್ಲಿನಂಥ ಮುಖ. ಬೆಳಕು ಆಲ್ಟನ್‌ದು, ಸಂಶಯವಿಲ್ಲ. ಆದರೆ ಎರಡು ಮುಖಗಳ ನಡುವೆ ಒಂದು ಗಾಜು ಇಟ್ಟು, ಒಬ್ಬ ಸಾಯುವುದನ್ನು ಇನ್ನೊಬ್ಬ ಕಣ್ಣು ಮಿಟುಕಿಸದೆ ನೋಡುವಂತೆ ನಿಲ್ಲಿಸಿದ್ದು 'ಡೆಸ್ಪರೇಟ್' ಮಾಡಿದ ಕೈ.

ಇದಕ್ಕಿಂತ ನನಗೆ ದೊಡ್ಡದು ಅನ್ನಿಸುವುದು ಮಾರುಕಟ್ಟೆಯ ಸೀನ್. ಅದರಲ್ಲಿ ಕತ್ತಲೆಯೇ ಇಲ್ಲ. ಹಾಡಹಗಲು. ಜೆನಾರೊ ಸ್ಕೀಮರ್ ಜೊತೆ ನಡೆದು ಬರುತ್ತಿದ್ದಾನೆ. ಎದುರಿಗೆ ಅವನ ಹೆಂಡತಿ, ಜೊತೆಗೆ ಅವಳ ಗೆಳತಿ. ಗೆಳತಿ ಗುರುತು ಹಿಡಿದು ಮಾತಾಡಿಸಿಬಿಡುತ್ತಾಳೆ. ಹೆಂಡತಿಗೆ ಒಂದು ಕ್ಷಣದಲ್ಲಿ ಎಲ್ಲಾ ಅರ್ಥವಾಗುತ್ತದೆ. ಇವರು ನನ್ನ ಗಂಡ ಅಲ್ಲ ಅನ್ನುತ್ತಾಳೆ. ಆ ಪಾತ್ರ ಮಾಡಿದ ಜೂನ್ ಲಾಕ್‌ಹಾರ್ಟ್ ಪರದೆ ಮೇಲೆ ಇರುವುದು ತೀರಾ ಸ್ವಲ್ಪ ಹೊತ್ತು. ಕಟ್ಟಿಕೊಂಡ ಗಂಡನನ್ನು ಬೀದಿಯಲ್ಲಿ ನಿಂತು ಗೊತ್ತಿಲ್ಲ ಅನ್ನಬೇಕು, ಗೊತ್ತಿಲ್ಲ ಅಂದರೆ ಮಾತ್ರ ಅವನು ಬದುಕುತ್ತಾನೆ. ಗಂಡನೂ ಹಾಗೇ ಅಪರಿಚಿತನಂತೆ ನೋಡಬೇಕು. ಈ ಸೀನಿಗೆ ಯಾವ ನೆರಳೂ ಬೇಕಾಗಲಿಲ್ಲ. ನಿಮ್ಮ ಗೆಳೆಯರಿಗೆ ಉತ್ತರ ಕೊಡಬೇಕಾದರೆ ಇದೊಂದನ್ನು ತೋರಿಸಿ.

ಆ ಸಿನಿಮಾದ ಹಿನ್ನೆಲೆ ದನಿ ನಿಮಗೆ ಕಿರಿಕಿರಿ ಮಾಡಿರಬಹುದು. ಹಲವರಿಗೆ ಮಾಡುತ್ತದೆ. ಖಜಾನೆ ಇಲಾಖೆಯನ್ನು ಹೊಗಳುವ ಗಟ್ಟಿ ದನಿ ಅದು, ರೀಡ್ ಹ್ಯಾಡ್ಲಿ ಅವರದು. ಶುರುವಿನಲ್ಲಿ ಇಲಾಖೆಯ ನಿಜವಾದ ಮಾಜಿ ಅಧಿಕಾರಿ ಎಲ್ಮರ್ ಐರಿ ಬಂದು ಮಾತಾಡುತ್ತಾರೆ. ಯುದ್ಧದ ನಂತರ ಸರ್ಕಾರಿ ಕಡತದಿಂದ ಎತ್ತಿದ ಕಥೆ ಅಂತ ಹೇಳಿಕೊಂಡು ಬಂದ ಸಿನಿಮಾಗಳ ಒಂದು ಅಲೆಯೇ ಇತ್ತು, 1945ರ 'ದ ಹೌಸ್ ಆನ್ 92ಎಂಡ್ ಸ್ಟ್ರೀಟ್' ನಿಂದ ಶುರುವಾಗಿ. ಮ್ಯಾನ್ ಆ ಚೌಕಟ್ಟನ್ನು ಒಪ್ಪಿಕೊಂಡೇ ಕೆಲಸ ಮಾಡಿದರು. ಆದರೆ ದನಿ ಹೇಳುವುದು ಒಂದು, ಚಿತ್ರ ತೋರಿಸುವುದು ಇನ್ನೊಂದು. ದನಿ ಕರ್ತವ್ಯದ ಬಗ್ಗೆ ಹೇಳುತ್ತದೆ. ಚಿತ್ರ ಆ ಕರ್ತವ್ಯಕ್ಕಾಗಿ ಒಬ್ಬ ಮನುಷ್ಯ ಏನನ್ನೆಲ್ಲಾ ನೋಡಿ ಸುಮ್ಮನಿರಬೇಕಾಯಿತು ಅಂತ ತೋರಿಸುತ್ತದೆ. ಕೊನೆಯಲ್ಲಿ ಹಡಗಿನ ಮೇಲೆ ಓಬ್ರಿಯನ್ ಗುಂಡೇಟು ತಿಂದೂ ನಿಲ್ಲದೆ ಮುಂದೆ ನಡೆಯುತ್ತಾನಲ್ಲ, ಅಲ್ಲಿ ಕಾನೂನಿನ ಅಧಿಕಾರಿ ಕಾಣುವುದಿಲ್ಲ. ಅಷ್ಟು ದಿನ ನುಂಗಿಕೊಂಡ ಸಿಟ್ಟು ಕಾಣುತ್ತದೆ.

ಮುಂದಿನದು 'ರಾ ಡೀಲ್' (1948). ಇಡೀ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. 79 ನಿಮಿಷ. ಅದೇ ನಿರ್ದೇಶಕ, ಅದೇ ಛಾಯಾಗ್ರಾಹಕ, ಅದೇ ನಾಯಕ ನಟ. ಆದರೆ ಸಿನಿಮಾ ಪೂರ್ತಿ ಬೇರೆ.

ಜೋ ಸಲಿವನ್ ಜೈಲಿನಲ್ಲಿದ್ದಾನೆ, ಇನ್ನೊಬ್ಬನ ತಪ್ಪನ್ನು ಹೊತ್ತು. ಆ ಇನ್ನೊಬ್ಬ ರಿಕ್, ಮತ್ತೆ ರೇಮಂಡ್ ಬರ್. ರಿಕ್ ಅವನಿಗೆ 50,000 ಡಾಲರ್ ಕೊಡಬೇಕು. ಜೋ ಪ್ಯಾಟ್ ಅನ್ನುವ ಹೆಂಗಸಿನ ಸಹಾಯದಿಂದ ಜೈಲಿನಿಂದ ತಪ್ಪಿಸಿಕೊಳ್ಳುತ್ತಾನೆ. ದಾರಿಯಲ್ಲಿ ಆನ್ ಅನ್ನುವ ಇನ್ನೊಬ್ಬಳನ್ನು ಬಲವಂತವಾಗಿ ಜೊತೆಗೆ ಕರೆದೊಯ್ಯುತ್ತಾನೆ. ಆನ್ ಅವನ ವಕೀಲರ ಕಚೇರಿಯವಳು, ಅವನಲ್ಲಿ ಒಳ್ಳೆಯವನನ್ನು ಕಂಡವಳು. ಮೂವರು ಒಂದೇ ಕಾರಿನಲ್ಲಿ.

ಈ ಕಥೆಯನ್ನು ಹೇಳುವವಳು ಪ್ಯಾಟ್. ಆ ಕಾಲದ ಕ್ರೈಂ ಸಿನಿಮಾಗಳಲ್ಲಿ ಹಿನ್ನೆಲೆ ದನಿ ಬಹುಮಟ್ಟಿಗೆ ಗಂಡಸಿನದು. ಇಲ್ಲಿ ಕ್ಲೇರ್ ಟ್ರೆವರ್ ಅವರ ದಣಿದ ದನಿ. ಹಿಂದೆ ಥೆರೆಮಿನ್ ಅನ್ನುವ ವಾದ್ಯದ ನಡುಗುವ ಸ್ವರ. 'ಟಿ-ಮೆನ್' ನ ಸರ್ಕಾರಿ ದನಿಗೂ ಇದಕ್ಕೂ ಎಷ್ಟು ದೂರ ನೋಡಿ. ಪ್ಯಾಟ್‌ಗೆ ಎಲ್ಲಾ ಗೊತ್ತು. ತಾನು ಪ್ರೀತಿಸುವ ಗಂಡಸು ಕಣ್ಣೆದುರೇ ಇನ್ನೊಬ್ಬಳ ಕಡೆ ವಾಲುತ್ತಿದ್ದಾನೆ. ಅವಳು ಕಾರಿನಲ್ಲಿ ಕೂತು ಅದನ್ನು ನೋಡುತ್ತಾಳೆ, ಕಿಟಕಿಯಿಂದ ನೋಡುತ್ತಾಳೆ. ಇಲ್ಲಿ ಯಾರ ಎದೆಗೂ ಗುಂಡು ತಾಕುತ್ತಿಲ್ಲ. ಆದರೂ ಇದು ಓಬ್ರಿಯನ್ ನೋಡಿದ ನೋಟವೇ.

ಹಡಗಿನ ಕೋಣೆಯ ಸೀನಿಗೆ ಬರುತ್ತೇನೆ. ಜೋ ಮತ್ತು ಪ್ಯಾಟ್ ದೇಶ ಬಿಟ್ಟು ಹೊರಟಿದ್ದಾರೆ. ರಿಕ್ ಕೈಗೆ ಆನ್ ಸಿಕ್ಕಿದ್ದಾಳೆ. ಈ ಸುದ್ದಿ ಪ್ಯಾಟ್‌ಗೆ ಗೊತ್ತು, ಜೋಗೆ ಗೊತ್ತಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನು ಅವಳವನು. ಜೋ ಮದುವೆ, ಮನೆ, ಮಕ್ಕಳು ಅಂತ ಮಾತಾಡುತ್ತಿದ್ದಾನೆ. ಜೀವನವಿಡೀ ಅವಳು ಕೇಳಬೇಕು ಅಂತ ಕಾದ ಮಾತುಗಳು. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಾಳೆ. ಆ ಗಡಿಯಾರದ ಗಾಜಿನಲ್ಲಿ ಅವಳದೇ ಮುಖ. ಅವಳ ಮುಖದ ಮೇಲೆ ಮುಳ್ಳು ನಡೆಯುತ್ತಿದೆ. 'ಡೆಸ್ಪರೇಟ್' ನ ಗಡಿಯಾರ ನೆನಪಾಯಿತಾ? ಅಲ್ಲಿ ಕಾಯುವುದು ಸೇಡಿಗೆ. ಇಲ್ಲಿ ಕಾಯುವುದು ತನ್ನದೇ ಮನಸ್ಸಾಕ್ಷಿ ಎದ್ದುನಿಲ್ಲುವುದಕ್ಕೆ. ಒಂದೇ ವಸ್ತುವನ್ನು ಒಂದು ವರ್ಷದಲ್ಲಿ ಇಷ್ಟು ಆಳಕ್ಕೆ ಕೊಂಡೊಯ್ದ ನಿರ್ದೇಶಕನಿಗೆ ಸಿನಿಮಾದಲ್ಲಿ ಪಾಲಿಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಆಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ, ನೀವೇ ನೋಡಿ.

ಈ ಸಿನಿಮಾದಲ್ಲಿ ಕ್ರೌರ್ಯವೂ ಇದೆ, ಮೊದಲೇ ಎಚ್ಚರಿಸುತ್ತೇನೆ. ಪಾರ್ಟಿಯಲ್ಲಿ ಒಬ್ಬ ಹುಡುಗಿಯ ಕೈ ತಗುಲಿ ರಿಕ್ ಮೈಮೇಲೆ ಪಾನೀಯ ಚೆಲ್ಲುತ್ತದೆ. ಅವನು ಉರಿಯುತ್ತಿರುವ ಬ್ರಾಂಡಿಯ ಬಟ್ಟಲನ್ನು ಎತ್ತಿ ಅವಳ ಮೇಲೆ ಎಸೆಯುತ್ತಾನೆ. ಮ್ಯಾನ್ ಅದನ್ನು ಕ್ಯಾಮೆರಾದ ಕಡೆಗೆ ಎಸೆಸುತ್ತಾರೆ. ಬೆಂಕಿ ನಮ್ಮ ಮೇಲೆ ಬರುತ್ತದೆ. ಒಂದು ಕ್ಷಣದ ಶಾಟ್. ಹುಡುಗಿಯ ಸುಟ್ಟ ಮುಖವನ್ನು ತೋರಿಸಿ ಹೆದರಿಸುವ ಕೆಲಸಕ್ಕೆ ಅವರು ಹೋಗುವುದಿಲ್ಲ.

'ಹಿ ವಾಕ್ಡ್ ಬೈ ನೈಟ್' (1948) ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ಪರದೆ ಮೇಲೆ ನಿರ್ದೇಶಕರ ಹೆಸರು ಆಲ್ಫ್ರೆಡ್ ವರ್ಕರ್. ಮ್ಯಾನ್ ಅದರ ಒಂದಷ್ಟು ಭಾಗ ನಿರ್ದೇಶಿಸಿದರು, ಹೆಸರು ಹಾಕಿಸಿಕೊಳ್ಳಲಿಲ್ಲ. ಲಾಸ್ ಏಂಜಲೀಸ್ ಸುತ್ತ 1940ರ ದಶಕದಲ್ಲಿ ನಡೆದ, ಎರ್ವಿನ್ ವಾಕರ್ ಅನ್ನುವ ಕಳ್ಳ-ಕೊಲೆಗಾರನ ಪ್ರಕರಣ ಇದಕ್ಕೆ ಆಧಾರ. ರಿಚರ್ಡ್ ಬೇಸ್‌ಹಾರ್ಟ್ ಮಾಡಿದ ಕೊಲೆಗಾರ ಒಂಟಿ. ಮೈಯೊಳಗಿನ ಗುಂಡನ್ನು ತಾನೇ ಕಿತ್ತುಕೊಳ್ಳುವ ಸೀನ್ ಇದೆ. ಗಾಯ ಕಾಣುವುದಿಲ್ಲ. ಬೆವರುವ ಮುಖ ಮಾತ್ರ. ಇದು ಯಾರ ಕೆಲಸ ಅಂತ ನನಗೆ ನನ್ನದೇ ನಂಬಿಕೆ ಇದೆ! ಕೊನೆಯ ಬೆನ್ನಟ್ಟುವಿಕೆ ನಗರದ ಮಳೆನೀರಿನ ಸುರಂಗಗಳಲ್ಲಿ. ಅಲ್ಲಿ ಆಲ್ಟನ್ ಸರ್ವಸ್ವತಂತ್ರರು. ಟಾರ್ಚಿನ ಬೆಳಕು, ಒದ್ದೆ ಗೋಡೆ, ಅಷ್ಟೇ. 'ದ ಥರ್ಡ್ ಮ್ಯಾನ್' ನ ಚರಂಡಿ ಓಟ ಎಲ್ಲರಿಗೂ ಗೊತ್ತು. ಅದು ತೆರೆಗೆ ಬಂದಿದ್ದು 1949ರಲ್ಲಿ, ಇದಾದ ಮೇಲೆ. ಇನ್ನೊಂದು ಮಾತು. ಪೊಲೀಸ್ ಪ್ರಯೋಗಾಲಯದವನ ಪಾತ್ರ ಮಾಡಿದ ಜಾಕ್ ವೆಬ್‌ಗೆ ಇಲ್ಲೇ ಒಬ್ಬ ಪೊಲೀಸ್ ಸಲಹೆಗಾರರ ಪರಿಚಯವಾಗಿ, 1949ರಲ್ಲಿ 'ಡ್ರಾಗ್ನೆಟ್' ರೇಡಿಯೋ ಸರಣಿ ಹುಟ್ಟಿತು. ಅಮೆರಿಕದ ಪೊಲೀಸ್ ಧಾರಾವಾಹಿಗಳ ಬೇರು ಈ ಸಣ್ಣ ಸಿನಿಮಾದಲ್ಲಿದೆ.

ಆಮೇಲೆ ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಎಂಜಿಎಂ ಕರೆಯಿತು. 'ಬಾರ್ಡರ್ ಇನ್ಸಿಡೆಂಟ್' (1949). ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಕೂಲಿಗೆ ಬರುವ ಬ್ರಸೇರೊಗಳ ಕಥೆ. 1942ರಿಂದ 1964ರವರೆಗೆ ಎರಡು ದೇಶಗಳ ಒಪ್ಪಂದದ ಮೇಲೆ ಈ ಕೂಲಿಗಳು ಬರುತ್ತಿದ್ದರು. ಪರವಾನಗಿ ಸಿಗದವರನ್ನು ದಲ್ಲಾಳಿಗಳು ಕಳ್ಳದಾರಿಯಲ್ಲಿ ದಾಟಿಸುತ್ತಿದ್ದರು. ಸಿನಿಮಾದಲ್ಲಿ ದುಡಿದು ವಾಪಸ್ ಹೋಗುವವರನ್ನು ಗಡಿಯಲ್ಲಿ ದೋಚಿ, ಕೊಂದು, ಹುದುಲಿಗೆ ತಳ್ಳುತ್ತಾರೆ. ಇಬ್ಬರು ಅಧಿಕಾರಿಗಳು ಮಾರುವೇಷದಲ್ಲಿ ಒಳಗೆ ಹೋಗುತ್ತಾರೆ. ಮೆಕ್ಸಿಕೋದ ಪಾಬ್ಲೊ (ರಿಕಾರ್ಡೊ ಮೊಂಟಲ್ಬಾನ್) ಕೂಲಿಯಾಗಿ, ಅಮೆರಿಕದ ಬರ್ನ್ಸ್ (ಜಾರ್ಜ್ ಮರ್ಫಿ) ಪರವಾನಗಿ ಮಾರುವ ಕಳ್ಳನಾಗಿ.

ಕಥೆಯ ಎಲುಬು 'ಟಿ-ಮೆನ್' ನದೇ. ಆದರೆ ಇಲ್ಲಿ ಮ್ಯಾನ್ ಕೋಣೆಯಿಂದ ಬಯಲಿಗೆ ಬಂದರು. ಬರ್ನ್ಸ್ ಸಿಕ್ಕಿಬೀಳುತ್ತಾನೆ. ರಾತ್ರಿ ಹೊಲದಲ್ಲಿ, ಗಾಯಗೊಂಡು ನೆಲದ ಮೇಲೆ ಬಿದ್ದ ಅವನ ಮೇಲೆ ಟ್ರಾಕ್ಟರ್ ಬರುತ್ತದೆ. ಹಿಂದೆ ಮಣ್ಣು ಸೀಳುವ ಹಲ್ಲುಗಳು. ಟ್ರಾಕ್ಟರಿನ ದೀಪ ಅವನ ಮುಖಕ್ಕೆ. ಪಾಬ್ಲೊ ಹತ್ತಿರದಲ್ಲೇ ಇದ್ದಾನೆ, ಏನೂ ಮಾಡಲಾಗುವುದಿಲ್ಲ. ಹಾಲಿವುಡ್‌ನ ಅಷ್ಟು ದೊಡ್ಡ ಸಂಸ್ಥೆಯ ಸಿನಿಮಾದಲ್ಲಿ ಒಬ್ಬ ನಾಯಕನಿಗೆ ಇಂಥ ಸಾವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾರುದ್ದ ದೂರದಲ್ಲಿ ನಿಂತು ಗೆಳೆಯನ ಸಾವು ನೋಡಿದ ಓಬ್ರಿಯನ್‌ಗೆ ನಾಲ್ಕು ಗೋಡೆ ಇತ್ತು. ಪಾಬ್ಲೊ ಸುತ್ತ ಮೈಲುಗಟ್ಟಲೆ ಬಯಲು, ಆದರೂ ಹೋಗಲು ಜಾಗವಿಲ್ಲ.

ಕೂಲಿಗಳ ಮುಖಗಳನ್ನು ತೋರಿಸುವ ರೀತಿ ಗಮನಿಸಿ. ಲಾರಿಯಲ್ಲಿ ಒತ್ತೊತ್ತಾಗಿ ಕೂತವರು, ಪರವಾನಗಿಗೆ ಬೇಲಿಯಾಚೆ ಕಾಯುವವರು. ಕಥೆಗೆ ಅವರ ಹೆಸರು ಬೇಕಿಲ್ಲ. ಆದರೂ ಕ್ಯಾಮೆರಾ ಅವರ ಮುಂದೆ ನಿಲ್ಲುತ್ತದೆ.

'ಸೈಡ್ ಸ್ಟ್ರೀಟ್' (1950) ಇನ್ನೊಂದು ಸಾಕ್ಷಿ, ಏಕೆಂದರೆ ಅದರಲ್ಲಿ ಆಲ್ಟನ್ ಇಲ್ಲ. ಕ್ಯಾಮೆರಾ ಎಂಜಿಎಂನ ಹಿರಿಯ ಜೋಸೆಫ್ ರಟನ್‌ಬರ್ಗ್. ನ್ಯೂಯಾರ್ಕಿನ ಬೀದಿಗಳಲ್ಲೇ ತೆಗೆದದ್ದು, ಹಗಲಿನ ಬೆಳಕು ಜಾಸ್ತಿ. ಹೆಂಡತಿ ಬಸುರಿ, ಕೈಯಲ್ಲಿ ಕಾಸಿಲ್ಲದ ಹಂಗಾಮಿ ಅಂಚೆಯವನು 200 ಡಾಲರ್ ಅಂದುಕೊಂಡು ಕದಿಯುತ್ತಾನೆ. ಬಿಚ್ಚಿ ನೋಡಿದರೆ 30,000. ವಾಪಸ್ ಕೊಡಲು ಹೋದರೂ ದಾರಿಯಿಲ್ಲ. ಕೊನೆಯಲ್ಲಿ ಮ್ಯಾನ್‌ಹ್ಯಾಟನ್ನಿನ ಖಾಲಿ ಬೀದಿಗಳಲ್ಲಿ ಕಾರುಗಳ ಓಟ. ಎಷ್ಟೋ ಎತ್ತರದಿಂದ ತೋರಿಸುತ್ತಾರೆ. ಕಟ್ಟಡಗಳು ಬೆಟ್ಟದ ಕಣಿವೆಯಂತೆ, ಕಾರುಗಳು ಇರುವೆಯಂತೆ. ಕಥೆ ನಡುವೆ ಒಂದಷ್ಟು ಕಡೆ ಜಾಳಾಗುತ್ತದೆ. ಆದರೆ ಈ ಎತ್ತರದ ಶಾಟ್‌ಗಳನ್ನು ನೋಡಿದಾಗ ನೀವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೀರಿ. 'ದ ನೇಕೆಡ್ ಸ್ಪರ್' ಬಂಡೆಗಳ ಮೇಲಿನ ಹೊಡೆದಾಟ ನೋಡಿದವರು ನೀವು, ಆ ಕಣ್ಣನ್ನು ತಕ್ಷಣ ಗುರುತಿಸುತ್ತೀರಿ.

ಅದೇ ವರ್ಷ 'ವಿಂಚೆಸ್ಟರ್ 73'. ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್. ಬಾರ್‌ನಲ್ಲಿ ಸ್ಟೀವರ್ಟ್ ಒಬ್ಬನ ತೋಳು ತಿರುಚಿ, ತಲೆಯನ್ನು ಕಟ್ಟೆಗೆ ಒತ್ತುವ ಸೀನ್ ನಿಮಗೆ ಬಾಯಿಪಾಠ ಇರಬೇಕು. ಆ ಇನ್ನೊಬ್ಬ ಡಾನ್ ಡ್ಯೂರಿಯ, 'ಫ್ಲಮ್ಯಾರಿಯನ್' ನ ಗಂಡ. ಅಲ್ಲಿ ಹಠಾತ್ತನೆ ಸ್ಟೀವರ್ಟ್ ಮುಖ ಬದಲಾಗುತ್ತದಲ್ಲ, ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ನಾವು ಅವರಲ್ಲಿ ಎಂದೂ ಕಾಣದ ಸಿಟ್ಟು. ಅದು ಓಬ್ರಿಯನ್ ನುಂಗಿಕೊಂಡ ಸಿಟ್ಟು. 'ದ ಮ್ಯಾನ್ ಫ್ರಮ್ ಲಾರಮಿ' (1955) ಯಲ್ಲಿ ಸ್ಟೀವರ್ಟ್‌ನನ್ನು ಹಿಡಿದು ನಿಲ್ಲಿಸಿ, ಹತ್ತಿರದಿಂದ ಕೈಗೆ ಗುಂಡು ಹೊಡೆಯುತ್ತಾರೆ. ಸುತ್ತ ಸುಡುವ ಬಿಸಿಲು. ನೆರಳಿನ ಚೂರೂ ಇಲ್ಲ. ಮ್ಯಾನ್ ಮತ್ತೆ ಮುಖ ತೋರಿಸುತ್ತಾರೆ, ಗಾಯವನ್ನಲ್ಲ.

ಹಾಗಂತ ಆಲ್ಟನ್ ಪಾಲನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಮ್ಯಾನ್ ಬಿಟ್ಟ ಮೇಲೂ ಅವರು ದೊಡ್ಡ ಕೆಲಸ ಮಾಡಿದರು. 1951ರ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' ನ ಬ್ಯಾಲೆ ಭಾಗಕ್ಕೆ ಆಸ್ಕರ್‌ನಲ್ಲಿ ಪಾಲು ಪಡೆದರು. 1955ರಲ್ಲಿ ಜೋಸೆಫ್ ಎಚ್. ಲೂಯಿಸ್ ಜೊತೆ 'ದ ಬಿಗ್ ಕಾಂಬೊ' ಮಾಡಿದರು. ಅದನ್ನೂ ಒಮ್ಮೆ ನೋಡಿ. ಅದೇ ಕತ್ತಲೆ, ಅದೇ ಮಂಜು, ಅದೇ ಒಂಟಿ ದೀಪ. ತುಂಬಾ ಚೆಂದದ ಸಿನಿಮಾ. ಆದರೆ ಅಲ್ಲಿ ನೋಡುವುದು ಒಂದು ಸುಖ, ಮ್ಯಾನ್ ಸಿನಿಮಾಗಳಲ್ಲಿ ನೋಡುವುದು ಒಂದು ಶಿಕ್ಷೆ. ದೀಪ ಇಟ್ಟ ಕೈ ಎರಡರಲ್ಲೂ ಒಂದೇ ಆಗಿದ್ದರಿಂದ ಈ ವ್ಯತ್ಯಾಸ ಬಂದಿದ್ದು ಎಲ್ಲಿಂದ ಅಂತ ನಿಮ್ಮ ಗೆಳೆಯರನ್ನೇ ಕೇಳಿ.

ಕ್ರಮದ ಬಗ್ಗೆ ಕೇಳಿದಿರಿ. 'ಟಿ-ಮೆನ್' ಆಗಿದೆ. ಈಗ ಹಿಂದಕ್ಕೆ 'ಡೆಸ್ಪರೇಟ್' ಗೆ ಹೋಗಿ. ಅಲ್ಲಿಂದ ನೇರ 'ರಾ ಡೀಲ್'. ಗಡಿಯಾರದ ಎರಡು ಸೀನ್‌ಗಳು ಮನಸ್ಸಿನಲ್ಲಿ ಹತ್ತಿರ ಇರಬೇಕು, ಅದಕ್ಕೆ. ಆಮೇಲೆ 'ಹಿ ವಾಕ್ಡ್ ಬೈ ನೈಟ್', 'ಬಾರ್ಡರ್ ಇನ್ಸಿಡೆಂಟ್', 'ಸೈಡ್ ಸ್ಟ್ರೀಟ್'. 'ರೈಲ್‌ರೋಡೆಡ್' ಯಾವಾಗ ಬೇಕಾದರೂ ಆಗಬಹುದು. ಇವೆಲ್ಲ ಮುಗಿದ ಮೇಲೆ ಮನಸ್ಸಾದರೆ 'ರೇನ್ ಆಫ್ ಟೆರರ್' (1949) ನೋಡಿ. ಫ್ರೆಂಚ್ ಕ್ರಾಂತಿಯ ಕಥೆಯನ್ನು ಮ್ಯಾನ್, ಆಲ್ಟನ್ ಇಬ್ಬರೂ ಸೇರಿ ಪಕ್ಕಾ ಗ್ಯಾಂಗ್‌ಸ್ಟರ್ ಸಿನಿಮಾದ ಥರ ತೆಗೆದಿದ್ದಾರೆ. ಕ್ರಾಂತಿಯ ನಾಯಕ ರೋಬೆಸ್ಪಿಯರ್ ಆಗಿ 'ಹಿ ವಾಕ್ಡ್ ಬೈ ನೈಟ್' ನ ಅದೇ ಬೇಸ್‌ಹಾರ್ಟ್.

ಒಂದು ಮುಖ್ಯ ಸಲಹೆ. ಇವುಗಳಲ್ಲಿ ಕೆಲವು ಸಿನಿಮಾಗಳ ತೀರಾ ಕೆಟ್ಟ ಪ್ರತಿಗಳು ಎಲ್ಲೆಡೆ ಓಡಾಡುತ್ತಿವೆ. ನಾನು 'ರಾ ಡೀಲ್' ಮೊದಲು ನೋಡಿದ್ದು ಅಂಥದ್ದೊಂದರಲ್ಲೇ. ಕಪ್ಪೆಲ್ಲ ಬೂದಿಬಣ್ಣ ಆಗಿತ್ತು, ಗಡಿಯಾರದ ಗಾಜಿನಲ್ಲಿ ಮುಖ ಕಾಣಲೇ ಇಲ್ಲ. ಸಾಧಾರಣ ಸಿನಿಮಾ ಅಂದುಕೊಂಡು ಎಷ್ಟೋ ವರ್ಷ ಸುಮ್ಮನಿದ್ದೆ. ಪುನಃಸ್ಥಾಪಿಸಿದ ಪ್ರಿಂಟ್ ನೋಡಿದ ದಿನ ನನಗೆ ನಾಚಿಕೆಯಾಯಿತು. ನೀವು ಆ ತಪ್ಪು ಮಾಡಬೇಡಿ. ಪುನಃಸ್ಥಾಪಿಸಿದ್ದು ಸಿಗುವವರೆಗೆ ಕಾಯಿರಿ. ಕೋಣೆಯ ದೀಪ ಆರಿಸಿ ನೋಡಿ. ಫೋನಿನಲ್ಲಿ ಖಂಡಿತ ಬೇಡ.

ಕೊನೆಗೆ ಅಪ್ಪನ ವಿಷಯ. 'ರಾ ಡೀಲ್' ನನಗೆ ಎಷ್ಟೇ ಇಷ್ಟವಾದರೂ ಅವರಿಗೆ 'ಬಾರ್ಡರ್ ಇನ್ಸಿಡೆಂಟ್' ತೋರಿಸಿ. ಬಯಲು ಇದೆ, ಬಂಡೆ ಇದೆ, ಕಣಿವೆ ಇದೆ, ಅವರಿಗೆ ಪರಿಚಯದ ನೆಲದಂತೆ ಇರುತ್ತದೆ. ಟ್ರಾಕ್ಟರ್ ಸೀನ್ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಿ. ಮರುದಿನ ಅವರಿಗೆ 'ಡೆವಿಲ್ಸ್ ಡೋರ್‌ವೇ' (1950) ಹಾಕಿ. ಅದು ಮ್ಯಾನ್ ಮತ್ತು ಆಲ್ಟನ್ ಸೇರಿ ಮಾಡಿದ ವೆಸ್ಟರ್ನ್. ಅಂತರ್ಯುದ್ಧದಲ್ಲಿ ಹೋರಾಡಿ ಊರಿಗೆ ಮರಳಿದ ಮೂಲನಿವಾಸಿ ಸೈನಿಕನಿಗೆ ತನ್ನದೇ ಜಮೀನು ಸಿಗದ ಕಥೆ. ಅದರ ಬಾರ್ ಹೊಡೆದಾಟದ ಬೆಳಕನ್ನು ನೋಡುವಾಗ ಅಪ್ಪ ನಿಮ್ಮ ಕಡೆ ತಿರುಗಿ ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಕೇಳಬಹುದು. ಆಗ 'ಟಿ-ಮೆನ್' ತೆಗೆದು ಹಾಕಿ.